ಬುಟ್ಟಿಯಲ್ಲಿ ಹನ್ನೆರಡು ಜೊತೆ ಮೆಟ್ಟು

ನಮ್ಮ ಮನೆಗೆ ನೆಂಟರು ಬಂದರೆ ನಾನು ಮೊದಲು ನೋಡುವುದು ಅವರ ಮುಖವನ್ನಲ್ಲ, ಮೆಟ್ಟುಗಳನ್ನು. ಹೊಸ್ತಿಲಾಚೆ ಬಿಟ್ಟ ಜೊತೆಗಳನ್ನು ಕಣ್ಣಿನಲ್ಲೇ ಎಣಿಸಿ, ಅಡುಗೆಮನೆಗೆ ಹೋಗಿ 'ಐದು' ಎಂದರೆ ನನ್ನ ಹೆಂಡತಿ ಐದು ಜನಕ್ಕೆ ಅಕ್ಕಿ ಹಾಕುತ್ತಾಳೆ. ಮನುಷ್ಯರನ್ನು ಎಣಿಸಿದರೆ ದೃಷ್ಟಿ ತಾಕುತ್ತದೆಂದು ನಂಬಿದ ನಮ್ಮ ಸೀಮೆಯಲ್ಲಿ ಇದು ನಿರಪಾಯವಾದ ಗಣಿತ. ಮೆಟ್ಟುಗಳಿಗೆ ದೃಷ್ಟಿ ತಾಕಿದ್ದನ್ನು ಯಾರೂ ಕಂಡಿಲ್ಲ, ದೃಷ್ಟಿ ತೆಗೆಯುವುದೇ ಹಳೆಯ ಮೆಟ್ಟಿನಿಂದ. ಸ್ನೇಹಿತರು ಇದನ್ನು ಮೇಷ್ಟರ ಜಿಪುಣತನವೆಂದು ನಗುತ್ತಾರೆ. ನಾನೂ ನಗುತ್ತೇನೆ. ಈ ವಿದ್ಯೆಯನ್ನು ಡೀಸೆಲ್ ಎಂಜಿನ್ನಿನ ಒಂದು ವಿಹಾರನೌಕೆಯಲ್ಲಿ ಕಲಿತೆನೆಂದು ಹೇಳಿದರೆ ಅವರ ನಗೆ ಇನ್ನೂ ಜೋರಾಗುತ್ತದೆಯೆಂದು ಸುಮ್ಮನಿದ್ದೇನೆ. ನೀವು ತಾಳ್ಮೆಯುಳ್ಳವರಂತೆ ಕಾಣುತ್ತೀರಿ, ನಿಮಗೆ ಹೇಳಬಹುದು.

ಐವತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದೆ. ಸಪ್ತಸಾಗರಗಳ ಆಳ, ಶೀತೋಷ್ಣ ಪ್ರವಾಹಗಳ ಗತಿ, ಉಬ್ಬರವಿಳಿತಗಳ ಮರ್ಮ ಎಲ್ಲವೂ ನನಗೆ ಕರತಲಾಮಲಕವಾಗಿದ್ದವು. ಮೊಣಕಾಲಿಗಿಂತ ಮೇಲಿನ ನೀರಿಗೆ ಮಾತ್ರ ನಾನು ಇಳಿದವನಲ್ಲ. ನಮ್ಮ ಕಡೆ ನೀರೆಂದರೆ ಬಾವಿಯ ತಳದಲ್ಲಿ ಮಿನುಗುವ ಪದಾರ್ಥ, ಅದನ್ನು ಮೇಲಿನಿಂದ ಬಗ್ಗಿ ನೋಡಿ ಗೌರವಿಸುವುದೇ ರೂಢಿ. ಹೀಗಿರುವಾಗ ಒಂದು ವರ್ಷ ಮಳೆರಾಯ ಲೆಕ್ಕ ತಪ್ಪಿದವನಂತೆ ಸುರಿದು, ಕೆಂಚಾರ್ಲಹಳ್ಳಿ ಕಡೆಯಿದ್ದ ನಮ್ಮೂರಿನ ಕೆರೆ ತುಂಬಿ ಕೋಡಿ ಹರಿಯಿತು. ಕೋಡಿಯ ಹೊಡೆತಕ್ಕೆ ಊರಿಗಿದ್ದ ಒಂದೇ ಗಾಡಿದಾರಿ ಕೊಚ್ಚಿಹೋಯಿತು. ಅದೇ ವಾರ ನನ್ನ ತಂಗಿ ಸಾವಿತ್ರಿಯ ಮದುವೆ.

ಗಂಡಿನವರು ಗೌರಿಬಿದನೂರು ತಾಲ್ಲೂಕಿನ ನಗರಗೆರೆಯವರು. ಅವರ ದಿಬ್ಬಣ ಬಸ್ಸಿನಲ್ಲಿ ಕೆರೆಯ ಈಚೆ ದಡದವರೆಗೆ ಬರಬಹುದಿತ್ತು. ಆಚೆ ದಡದ ಚಪ್ಪರಕ್ಕೆ ಬರುವ ಬಗೆ ಹೇಗೆ? ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ ನಮ್ಮ ಚಿಕ್ಕಪ್ಪ ಯಾರೋ ಗುತ್ತಿಗೆದಾರನನ್ನು ಹಿಡಿದು, ಎಲ್ಲೋ ಅಣೆಕಟ್ಟೆಯ ಹಿನ್ನೀರಿನಲ್ಲಿ ದೊಡ್ಡ ಸಾಹೇಬರುಗಳ ವಿಹಾರಕ್ಕೆಂದು ಮಾಡಿಸಿದ್ದ ಮೋಟಾರು ದೋಣಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿ ಲಾರಿಯ ಮೇಲೆ ತರಿಸಿಬಿಟ್ಟರು. ಬಿಳಿ ಬಣ್ಣ, ಬೆತ್ತದ ಕುರ್ಚಿ, ನಾಲ್ಕೂ ಕಡೆ ಹೂವಿನ ಪರದೆ. ರಾಗಿ ಹೊಲಗಳ ನಡುವೆ ಅದು ಲಾರಿಯ ಮೇಲೆ ಕುಳಿತು ಬಂದಾಗ ದಾರಿಯುದ್ದಕ್ಕೂ ಜನ ಕೈಮುಗಿದರಂತೆ.

ದೋಣಿಯ ಜೊತೆಗೆ ಅದನ್ನು ನಡೆಸುವ ಸಾರಂಗನೂ ಬಂದ. ಸತ್ತೆಯ್ಯನೆಂದು ಹೆಸರು, ಗೋದಾವರಿ ಸಮುದ್ರ ಸೇರುವ ಕಡೆಯವನು, ಮಾತು ತೆಲುಗು. ದಡದಲ್ಲಿ ನಿಂತು ಬೀಗರನ್ನು ಹತ್ತಿಸಿ ಕಳಿಸುವ ಮೇಲ್ವಿಚಾರಣೆ, ಭೂಗೋಳ ಬಲ್ಲವನೆಂಬ ಕಾರಣಕ್ಕೆ, ನನ್ನ ತಲೆಗೆ ಬಂತು. ಬೆಳಿಗ್ಗೆ ಅವನು ಕೋಲು ಇಳಿಬಿಟ್ಟು ಡೀಸೆಲ್ ನೋಡಿದ, ದೋಣಿಯ ತಳದಲ್ಲಿ ನಿಂತ ನೀರನ್ನು ಡಬ್ಬದಿಂದ ತೋಡಿ ಚೆಲ್ಲಿದ, ಗಾಳಿ ತುಂಬಿದ ಲಾರಿ ಟ್ಯೂಬುಗಳನ್ನು ಕೈಗೆ ಸಿಗುವ ಹಾಗೆ ಕಟ್ಟಿದ, ಎಂಜಿನ್ನಿನ ಹತ್ತಿರ ಬೀಡಿ ಸೇದಿದರೆ ಸೇದಿದವನನ್ನೇ ನೀರಿಗೆ ಹಾಕುತ್ತೇನೆಂದ. ಮಕ್ಕಳು ನಡುವೆ, ದಡ ಬಂತೆಂದು ಯಾರೂ ಏಳಕೂಡದು. ಕೊನೆಗೆ ಬೆರಳೆತ್ತಿ, "ಪನ್ನೆಂಡು ಮಂದಿ. ಪದಮೂಡೋವಾಡು ಎಕ್ಕಿತೇ ನೇನು ದಿಗುತಾನು" ಎಂದ. ಹನ್ನೆರಡೇ ಜನ, ಹದಿಮೂರನೆಯವನು ಹತ್ತಿದರೆ ತಾನು ಇಳಿಯುವುದಾಗಿ ಅದರ ಅರ್ಥ. ಬಸ್ಸೆಂದರೆ ಸದಾ ಇನ್ನೊಬ್ಬರಿಗೆ ಜಾಗವಿರುವ ವಾಹನವೆಂದು ತಿಳಿದು ಬೆಳೆದ ನಮಗೆ ಇದು ವಿಚಿತ್ರವಾಗಿ ಕೇಳಿಸಿತು.

ಬೀಗರು ಬಂದಿಳಿದರು. ಸತ್ತೆಯ್ಯ ತಲೆ ಎಣಿಸಲು ಹೊರಟನೋ ಇಲ್ಲವೋ, ವರನ ಸೋದರಮಾವ ರಂಗಪ್ಪನವರಿಗೆ ಕೋಪ ಬಂತು. ಎತ್ತರದ ಧಡೂತಿ ದೇಹ, ಅದಕ್ಕೆ ತಕ್ಕ ಬಿಳಿ ಪೇಟ. ಬಾಸಿಂಗ ಕಟ್ಟಬೇಕಾದವರು ಅವರೇ ಆದ್ದರಿಂದ ಅವರ ಕೋಪಕ್ಕೆ ಬೆಲೆಯೂ ಇತ್ತು. "ಶುಭಕಾರ್ಯಕ್ಕೆ ಬಂದೋರನ್ನ ಕುರಿ ಎಣಿಸ್ದಂಗೆ ಎಣಿಸ್ತೀರೇನ್ರಯ್ಯ? ಬೇಕಿದ್ರೆ ಹೇಳಿ, ವಾಪಸ್ ಹೋಗ್ತೀವಿ" ಎಂದರು. ಆಗ ಮುದುಕಿಯೊಬ್ಬರು ಗಂಗಮ್ಮನ ಮೇಲೆ ಹೋಗುವಾಗ ಮೆಟ್ಟು ಹಾಕಬಾರದೆಂದು ತಮ್ಮವನ್ನು ಬಿಟ್ಟರು, ಉಳಿದವರೂ ಬಿಟ್ಟರು. ಸತ್ತೆಯ್ಯನ ಕಣ್ಣು ಹೊಳೆಯಿತು. ಒಂದು ದೊಡ್ಡ ಬುಟ್ಟಿ ತರಿಸಿ, ಹತ್ತುವವರು ತಮ್ಮ ಜೊತೆಯನ್ನು ಅದರಲ್ಲಿ ಹಾಕಬೇಕೆಂದ. ಬುಟ್ಟಿಯಲ್ಲಿ ಹನ್ನೆರಡು ಜೊತೆಯಾದರೆ ದೋಣಿ ಹೊರಡುವುದು, ಆಚೆ ದಡದಲ್ಲಿ ಬುಟ್ಟಿ ಬರಿದಾದರೆ ಎಲ್ಲರೂ ಕ್ಷೇಮವಾಗಿ ಇಳಿದಂತೆ. ಮನುಷ್ಯರನ್ನು ಎಣಿಸಿದ್ದೂ ಆಗಲಿಲ್ಲ, ಬಿಟ್ಟದ್ದೂ ಆಗಲಿಲ್ಲ. ರಂಗಪ್ಪನವರೂ ಒಪ್ಪಿದರು.

ಎರಡು ಸಲ ದೋಣಿ ಸುಗಮವಾಗಿ ಹೋಗಿ ಬಂತು. ಮೂರನೆಯ ಸಲಕ್ಕೆ ಉಳಿದವರು, ನಾನೂ ರಂಗಪ್ಪನವರೂ ಸೇರಿ, ಹದಿಮೂರು ಜನ. ಸತ್ತೆಯ್ಯ ಬುಟ್ಟಿ ನೋಡಿ ತಲೆಯಾಡಿಸಿ, ಒಬ್ಬರು ಇಳಿಯಲಿ, ಇನ್ನೊಂದು ಸಲ ಬಂದು ಕರೆದೊಯ್ಯುತ್ತೇನೆ ಎಂದು ನನಗೆ ಹೇಳಿ ಎಂಜಿನ್ನಿನ ಕಡೆ ಹೋದ. ಇಳಿಯಿರಿ ಎಂದು ಬೀಗರಿಗೆ ಹೇಳುವುದು ಹೇಗೆ? ಹೆಣ್ಣಿನ ಕಡೆಯವನ ನಾಲಿಗೆಗೆ ಆ ಕ್ರಿಯಾಪದ ಬರುವುದಿಲ್ಲ. ನೀವೇ ಇಳಿಯಬಹುದಿತ್ತಲ್ಲ ಎಂದು ಕೇಳುತ್ತೀರಿ. ಅದು ನನಗೆ ಹೊಳೆಯಲೇ ಇಲ್ಲ, ಆ ನಾಚಿಕೆ ಇವತ್ತಿಗೂ ಇದೆ. ಹೊಳೆದದ್ದು ಬೇರೆ. ಬುಟ್ಟಿಯ ಮೇಲುಗಡೆಯಿದ್ದ ಅತ್ಯಂತ ದೊಡ್ಡ ಜೊತೆಯನ್ನು ತೆಗೆದು ನನ್ನ ಉತ್ತರೀಯದ ಕೆಳಗೆ ಅಡಗಿಸಿಕೊಂಡೆ. ಸತ್ತೆಯ್ಯ ಬಂದು ಮತ್ತೆ ಎಣಿಸಿದ, ಹನ್ನೆರಡು. ನನ್ನ ಮುಖವನ್ನು ಒಂದು ಕ್ಷಣ ನೋಡಿದ. ನಾನು ಮುಂದುಗಡೆ ನಿಂತು ಗಂಗಮ್ಮನಿಗೆ ತೆಂಗಿನಕಾಯಿ ಒಡೆಸಿದ ಮೇಲೆ ಎಂಜಿನ್ನಿಗೆ ಹ್ಯಾಂಡಲ್ ಹಾಕಿದ.

ಆಚೆ ದಡದಲ್ಲಿ ವಾಲಗ ಕೇಳುತ್ತಿತ್ತು. ಎಲ್ಲರೂ ಇಳಿದು, ತಮ್ಮ ತಮ್ಮ ಜೊತೆ ಹುಡುಕಿ ಮೆಟ್ಟಿಕೊಂಡು ಚಪ್ಪರದ ಕಡೆ ನಡೆದರು. ಬುಟ್ಟಿ ಬರಿದಾಯಿತು. ಸತ್ತೆಯ್ಯ ತೃಪ್ತಿಯಿಂದ ಹಗ್ಗ ಸುತ್ತತೊಡಗಿದ. ನಾನು ಗುಟ್ಟಾಗಿ ರಂಗಪ್ಪನವರಿಗೆ ಅವರ ಮೆಟ್ಟು ಕೊಡಲೆಂದು ತಿರುಗಿದೆ. ರಂಗಪ್ಪನವರು ಇರಲಿಲ್ಲ. ಮುಂದೆ ಹೋದವರಲ್ಲಿ ಅವರ ಪೇಟ ಕಾಣಲಿಲ್ಲ, ಪರದೆ ಸರಿಸಿದರೆ ಒಳಗೂ ಯಾರೂ ಇಲ್ಲ. ದೋಣಿಯ ಹಿಂದೆ ಕೆರೆ ಉದ್ದಕ್ಕೂ ಮಲಗಿತ್ತು.

ಒಬ್ಬ ಮನುಷ್ಯ ಕಾಣೆಯಾಗಿದ್ದಾನೆಂಬುದು ಆ ಹೊತ್ತಿನಲ್ಲಿ ಪ್ರಪಂಚದಲ್ಲಿ ನನ್ನೊಬ್ಬನಿಗೇ ಗೊತ್ತು. ಬುಟ್ಟಿ ಎಲ್ಲವೂ ಸರಿಯಿದೆ ಎನ್ನುತ್ತಿತ್ತು, ಹಾಗೆ ಅನ್ನುವಂತೆ ಮಾಡಿದವನು ನಾನು. ಉತ್ತರೀಯ ಸರಿಸಿ ಆ ಜೊತೆಯನ್ನು ಸತ್ತೆಯ್ಯನ ಮುಂದೆ ಹಿಡಿದೆ. ಏನೋ ಹೇಳಿದೆ, ಏನೆಂದು ನೆನಪಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ನೀರಿನ ಕಡೆ ಒಮ್ಮೆ ನೋಡಿ, ಟ್ಯೂಬೊಂದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ದೋಣಿಯನ್ನು ತಿರುಗಿಸಿದ.

ಆ ಕಾಲು ಗಂಟೆ ನಾನು ನೀರನ್ನು ನೋಡಿದಂತೆ ಯಾವ ಭೂಗೋಳದ ಮೇಷ್ಟರೂ ನೋಡಿರಲಾರರು. ಬಿಳಿಯದೇನು ಕಂಡರೂ ಅವರ ಪೇಟವೆನ್ನಿಸುತ್ತಿತ್ತು. ಎರಡು ಸಲ ಕೊಕ್ಕರೆ, ಒಂದು ಸಲ ನೊರೆ. ತಂಗಿಯ ಮುಖ ನೆನಪಾಗಿ ದೇವರೇ, ಮದುವೆ ಮುರಿದರೆ ಮುರಿಯಲಿ, ಆ ಮನುಷ್ಯ ಬದುಕಿರಲಿ ಎಂದು ಬೇಡಿಕೊಂಡೆ.

ಈಚೆ ದಡದ ಹುಣಸೆ ಮರದ ಕೆಳಗೆ ರಂಗಪ್ಪನವರು ಕುಳಿತಿದ್ದರು. ಒಂದು ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಜಾಲಿಯ ಮುಳ್ಳು ಕೀಳುತ್ತಿದ್ದರು.

"ಬೀಗರಿಗೆ ಇಳೀರಿ ಅನ್ನಕ್ಕೆ ನಿಮಗೆ ಬಾಯಿ ಬರಲ್ಲ ಅಂತ ಗೊತ್ತಿತ್ತು ಮೇಷ್ಟ್ರೇ" ಎಂದರು. "ಮೈಯಲ್ಲಿ ಭಾರ ಇರೋನು ನಾನು, ನೀವು ತೆಂಗಿನಕಾಯಿ ಒಡೆಸ್ತಿರುವಾಗ ಹಿಂದ್ಗಡೆಯಿಂದ ಇಳ್ಕೊಂಡೆ. ಮುಂದಿನ ಸಲಕ್ಕೆ ಹೋಗಣ ಅಂತ. ಆದ್ರೆ ನನ್ನ ಮೆಟ್ಟು ಯಾಕಪ್ಪ ಎತ್ಕೊಂಡು ಹೋದ್ರಿ?"

ಬಗ್ಗಿ ಮೆಟ್ಟುಗಳನ್ನು ಅವರ ಪಾದದ ಬಳಿ ಇಟ್ಟೆ, ಏಳಲಾಗದೆ ಅಲ್ಲೇ ಕುಳಿತು ಅತ್ತೆ. ಅವರು ಗಾಬರಿಯಾಗಿ ನನ್ನ ಬೆನ್ನು ಸವರಿ, "ಏಳಿ ಏಳಿ, ಮುಹೂರ್ತಕ್ಕೆ ಹೊತ್ತಾಯ್ತದೆ" ಎಂದರು. ಹತ್ತುವಾಗ ಸತ್ತೆಯ್ಯ ಬುಟ್ಟಿಯನ್ನು ನನ್ನ ಮುಂದಿಟ್ಟು, ಈ ಸಲ ನೀವೇ ಎಣಿಸಿ ಎಂದ. ಇದ್ದದ್ದು ಎರಡು ಜೊತೆ. ನಾನು ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸಿದೆ.

ಮೊನ್ನೆ ನಮ್ಮ ಮನೆಗೆ ಸಾವಿತ್ರಿಯ ಕಡೆಯವರು ಬಂದಿದ್ದರು. ಹೊಸ್ತಿಲಲ್ಲಿ ಐದು ಜೊತೆ. ಪಡಸಾಲೆಯಲ್ಲಿ ನಾಲ್ಕೇ ಮುಖ. ಐದನೆಯದು ತುಂಬ ದೊಡ್ಡ ಜೊತೆ. ಎಲ್ಲೂ ಹೋಗಿರಲಾರರೆಂದು ಗೊತ್ತಿದ್ದೂ ನನ್ನ ಕಾಲು ನಿಲ್ಲಲಿಲ್ಲ. ಕೋಣೆ, ಅಡುಗೆಮನೆ ದಾಟಿ ಹಿತ್ತಿಲಿಗೆ ಓಡಿದೆ. ಬಾವಿಯ ಬಳಿ ಕಾಲು ತೊಳೆಯುತ್ತಿದ್ದ ರಂಗಪ್ಪನವರು ತಲೆಯೆತ್ತಿ ನೋಡಿದರು. ಅವರಿಗೆ ಅರ್ಥವಾಯಿತು.

"ಇಲ್ಲೇ ಇದೀನಿ ಮೇಷ್ಟ್ರೇ" ಎಂದರು, "ಐದು ಜನಕ್ಕೇ ಅಕ್ಕಿ ಹಾಕ್ಸಿ."