ಒರೆಸಬಹುದಾದ ನಕ್ಷೆ

ನಮ್ಮಕ್ಕ ಲೇಡೀಸ್ ಟೈಲರ್. ಮೂವತ್ತು ವರ್ಷದಿಂದ ಅದೇ ಬೀದಿ, ಅದೇ ಅಂಗಡಿ, ಅದೇ ಬಾಯಿ. ತೋಳು ಬಿಗಿಯಾಯಿತು ಎಂದು ದೂರು ತಂದವರಿಗೆ, "ತೋಳು ಸರಿಯಾಗೇ ಇದೆ, ನಿಮ್ಮ ಕೈ ದಪ್ಪ ಆಗಿದೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಆದರೂ ಗಿರಾಕಿಗಳು ಬಿಟ್ಟು ಹೋಗಿಲ್ಲ, ಕೈಕೆಲಸ ಹಾಗಿದೆ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು. ಅವಳಿಗಿಂತ ಆರು ವರ್ಷ ಚಿಕ್ಕವಳು ನಾನು, ಅವಳ ಬೈಗುಳಕ್ಕೆ ಎಲ್ಲರಿಗಿಂತ ಹಳೆಯ ಗಿರಾಕಿ.

ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ, ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ಡಯಾಲಿಸಿಸ್. ಎಡಗೈಗೆ ಎರಡು ದಪ್ಪ ಸೂಜಿ. ಒಂದರಿಂದ ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದು, ಇನ್ನೊಂದರಿಂದ ಒಳಗೆ ಬರುತ್ತದೆ. ಆ ಕೈ ಅಲ್ಲಾಡಿಸುವಂತಿಲ್ಲ. ಸುಮ್ಮನೆ ಕೂತೇ ಗೊತ್ತಿಲ್ಲದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮೂರು ಗಂಟೆ ಕಾಲ ಕಳೆಯುವಷ್ಟರಲ್ಲೇ "ಸಾಕು, ಬಿಚ್ಚಿ" ಎಂದು ಗಲಾಟೆ ಶುರು ಮಾಡುತ್ತಿದ್ದಳು. ಹೀಗೆ ಅರ್ಧಕ್ಕೇ ಎದ್ದರೆ ಮೈಯಲ್ಲಿ ನೀರು ಉಳಿಯುತ್ತದೆ, ಅದು ಶ್ವಾಸಕೋಶಕ್ಕೆ ತುಂಬಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತಿರದಲ್ಲೇ ಕೂತಿದ್ದ ನನಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಆ ದಿನಗಳಲ್ಲೇ ಒಬ್ಬ ಕಾಲೇಜು ಲೆಕ್ಚರರ್ ನನ್ನ ಅಂಗಡಿಗೆ ಪೆನ್ ಡ್ರೈವ್ ಹಿಡಿದು ಬಂದರು. ನಾನು ಪ್ರಿಂಟ್ ಹಾಕಿಕೊಟ್ಟ ಒಂದೊಂದು ಹಾಳೆಯಲ್ಲೂ ಕಲ್ಲಿನ ನೆಲ, ಬಾಗಿಲು, ಮೆಟ್ಟಿಲು, ಕತ್ತಲೆ ಹಾದಿ, ಮೇಲೆ ಇಂಚಿಂಚಿನ ಚೌಕ. ಕತ್ತರಿಸಿ ಜೋಡಿಸಿದರೆ ನೆಲಮಾಳಿಗೆಯೋ ಕೋಟೆಯೋ ಆಗುತ್ತದೆ. ಬಣ್ಣ ಮಾಸಲಾಗಿ ಬಂದ ನಾಲ್ಕು ಹಾಳೆ ನನ್ನಲ್ಲೇ ಉಳಿದವು. ಅಕ್ಕ ಅವನ್ನು ಎತ್ತಿಕೊಂಡು, "ಇದೇನ್ರೀ, ನೆಲಕ್ಕೆ ಟೈಲ್ಸ್ ಹಾಕಿಸ್ತಿದ್ದೀರಾ?" ಎಂದು ಕೇಳಿದಳು.

"ಆಟ ಮೇಡಂ. ಒಬ್ಬರು ಕತೆ ಹೇಳ್ತಾರೆ, ಉಳಿದವರು ಕತೆಯೊಳಗಿನ ಜನ. ಏನು ಮಾಡ್ತೀನಿ ಅಂತ ಅವರು ಹೇಳ್ಬೇಕು, ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಅವರು ಮುಂದೆ ಹೋದ ಹಾಗೆ ನಾವು ಒಂದೊಂದೇ ತುಂಡು ಇಡ್ತಾ ಹೋಗೋದು."

"ಒಂದು ಕೈಲಿ ಆಡಬಹುದಾ?"

"ಆಡಬಹುದು."

"ಕೂತಲ್ಲೇ?"

"ಕೂತಲ್ಲೇ ಆಡೋದು."

ಅಕ್ಕ ಮರುದಿನದಿಂದಲೇ ಕತ್ತರಿ ಹಿಡಿದಳು. ಹಾಳೆಗಳನ್ನು ಹಳೆ ಕ್ಯಾಲೆಂಡರಿನ ರಟ್ಟಿಗೆ ಅಂಟಿಸಿ ಎಂಬತ್ತನಾಲ್ಕು ತುಂಡು ಮಾಡಿದಳು. ಅವಕ್ಕೆ ಬಿಲ್ಲೆ ಎಂದು ಹೆಸರಿಟ್ಟವಳೂ ಅವಳೇ. ದಾಳ ಯಂತ್ರದ ಅಡಿ ಉರುಳಿಹೋಗದ ಹಾಗೆ ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಹಾಕಿದಳು. ಅಲ್ಲಾಡಿಸಿದರೆ ಸಾಕು, ಒಳಗೇ ಬೀಳುತ್ತದೆ. ಕತೆ ಹೇಳುವ ಕೆಲಸ ತಾನಿಟ್ಟುಕೊಂಡು, ಡಯಾಲಿಸಿಸ್ ವಾರ್ಡಿನಲ್ಲಿ ತನ್ನ ಪಕ್ಕದ ಎರಡು ಕುರ್ಚಿಯವರನ್ನು ಹಿಡಿದು ಹಾಕಿಕೊಂಡಳು. ಒಬ್ಬರು ನಿವೃತ್ತ ಬಸ್ ಡ್ರೈವರು, ನಮಗೆಲ್ಲ ಡ್ರೈವರಣ್ಣ. "ನಲವತ್ತು ವರ್ಷ ನಿಯತ್ತಾಗಿ ಬಸ್ ಓಡಿಸಿದ್ದೀನಿ ತಾಯಿ, ಇನ್ನು ಕಳ್ಳ ಆಗ್ತೀನಿ" ಎಂದು ಬೀಗ ಮುರಿಯುವ ಕಳ್ಳನಾದರು. ಇನ್ನೊಬ್ಬರು ಬ್ಯಾಂಕಿನ ಮೇಡಂ. ಜೋರಾಗಿ ಮಾತಾಡಿದ್ದನ್ನೇ ಯಾರೂ ಕೇಳಿರಲಿಲ್ಲ; ಅವರು ಕೊಡಲಿ ಹಿಡಿದ ರಣಚಂಡಿಯನ್ನು ಆರಿಸಿಕೊಂಡರು. ಊಟ ತರುವ ಎರಡು ಟ್ರಾಲಿ ಮೇಜು ಜೋಡಿಸಿ, ಅದರ ಮೇಲೆ ಬಿಲ್ಲೆ ಹರಡಿ, ಮೂರು ವಾರ ಆಡಿದರು. ಆ ಮೂರು ವಾರ ಅಕ್ಕ ಒಂದು ದಿನವೂ ಅರ್ಧಕ್ಕೆ ಏಳಲಿಲ್ಲ.

ನಾಲ್ಕನೇ ವಾರ ದೊಡ್ಡ ಸಿಸ್ಟರ್ ರಜೆ ಮುಗಿಸಿ ಬಂದರು. ವಾರ್ಡಿನಲ್ಲಿ ಅವರ ಮಾತೇ ಕೊನೆ. ಬಿಲ್ಲೆಗಳನ್ನು ಒಂದು ಕವರಿಗೆ ತುಂಬಿ ನನ್ನ ಕೈಗಿಟ್ಟರು.

"ಇಲ್ಲಿ ರಕ್ತ ಓಡಾಡುತ್ತೆ. ಒರೆಸೋಕಾಗದೆ ಇರೋದು ಯಾವುದೂ ಒಳಗೆ ಬರಬಾರದು. ಕಾಗದ, ರಟ್ಟು ಅಂತೂ ಬೇಡವೇ ಬೇಡ."

ತಪ್ಪು ಹೇಳಲಿಲ್ಲ ಆಕೆ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ತಪ್ಪು ಹೇಳಿದ್ದರೆ ಜಗಳಕ್ಕಾದರೂ ದಾರಿ ಇರುತ್ತಿತ್ತು.

ಅಕ್ಕ ಜಗಳ ಆಡಲಿಲ್ಲ. ಎರಡು ಗಂಟೆ ಕಾಲ ಕಳೆಯುವಷ್ಟರಲ್ಲೇ ಎದ್ದಳು. ನನ್ನ ಇಷ್ಟದ ಮೇಲೆ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ದಪ್ಪಕ್ಷರದಲ್ಲಿ ಸಹಿ ಹಾಕಿದಳು. ಮರುದಿನ ಕಾಲು ಬಾತುಕೊಂಡಿತು. ಅಂಗಡಿಯ ಮೂರು ಮೆಟ್ಟಿಲು ಹತ್ತುವುದಕ್ಕೆ ಎರಡು ಸಲ ನಿಂತಳು. ನಾನು ಬೀದಿಯಲ್ಲೇ ಕೂಗಾಡಿದೆ.

"ಸಾಯೋಕೆ ಹೊರಟಿದ್ದೀಯಾ? ಬದುಕಿಸೋದಕ್ಕೆ ತಾನೇ ಅವರು ಅಷ್ಟು ಕಷ್ಟ ಪಡ್ತಿರೋದು?"

"ಬದುಕಿಸ್ಲಿ, ಬೇಡ ಅಂದೋರು ಯಾರು? ವಾರಕ್ಕೆ ಹನ್ನೆರಡು ಗಂಟೆ ಆ ಕುರ್ಚೀಲಿ ಹೋಗುತ್ತೆ ಕಣೇ. ಅದೂ ನನ್ನ ಆಯಸ್ಸೇ. ಬಟ್ಟೆ ನೆನೆಹಾಕಿದ ಹಾಗೆ ನನ್ನ ನೆನೆಹಾಕಿಟ್ರೆ ಸುಮ್ನಿರ್ತೀನಾ?" ಎಂದಳು. ಉಸಿರು ಸುಧಾರಿಸಿಕೊಂಡು, "ಒರೆಸೋಕಾಗ್ಬೇಕು ಅಷ್ಟೇ ತಾನೇ? ನಿನ್ನ ಲ್ಯಾಮಿನೇಷನ್ ಮಷೀನು ಬಿಸಿಗಿಡು" ಎಂದಳು.

ಲೆಕ್ಚರರ್ ತಂದ ಚಿತ್ರಗಳು ನನ್ನ ಕಂಪ್ಯೂಟರಿನಲ್ಲಿ ಉಳಿದಿದ್ದವು, ಹೊಸದಾಗಿ ಪ್ರಿಂಟ್ ಹಾಕಿದೆ. ಇಡೀ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಕೊಟ್ಟೆ, ಅವಳು ಗೆರೆಗೆ ಗೆರೆ ಕತ್ತರಿಸಿದಳು. ನೋಡಲು ಎಷ್ಟು ಚೆಂದ! ಮಾರನೆಯ ಬೆಳಗ್ಗೆ ದೊಡ್ಡ ಸಿಸ್ಟರ್ ಅದರಲ್ಲಿ ಒಂದನ್ನು ಸೋಂಕು ತೆಗೆಯುವ ಔಷಧದ ನೀರಿನ ಟ್ರೇಗೆ ಹಾಕಿದರು. ಕಾಲು ಗಂಟೆಯಲ್ಲಿ ಕತ್ತರಿಸಿದ ಅಂಚಿನಿಂದ ನೀರು ನುಗ್ಗಿ, ಕಾಗದ ಉಬ್ಬಿ, ಬಣ್ಣ ಕದಡಿ, ಕೋಟೆ ಬಾಗಿಲು ಕೆಸರಾಯಿತು. ಸಿಸ್ಟರ್ ಅದನ್ನು ಕಸದ ಬುಟ್ಟಿಗೆ ಹಾಕಿದರು. ಅಕ್ಕ ಆವತ್ತು ಮೂರು ಗಂಟೆ ಕೂತಳು, ಅದೂ ನಾನು ಅತ್ತಿದ್ದಕ್ಕೆ.

ಮನೆಗೆ ಬರುವ ದಾರಿಯಲ್ಲಿ ಅವಳೇ ತನ್ನ ಹಣೆ ಚಚ್ಚಿಕೊಂಡಳು. "ಹೊಲಿಗೆಗೆ ಜಾಗ ಬಿಡಿ, ಜಾಗ ಬಿಡಿ ಅಂತ ಎಷ್ಟು ಹುಡುಗೀರಿಗೆ ಬೈದಿದ್ದೀನಿ. ನಾನೇ ಗೆರೆ ಮೇಲೆ ಕತ್ತರಿ ಆಡಿಸಿದೆನಲ್ಲೇ!"

ಈ ಸಲ ಕಾಗದವನ್ನು ಮೊದಲು ಕತ್ತರಿಸಿ, ಒಂದೊಂದು ಬಿಲ್ಲೆಯ ಸುತ್ತ ಅಂತರ ಬಿಟ್ಟು ಲ್ಯಾಮಿನೇಟ್ ಮಾಡಿದೆವು. ನಾಲ್ಕೂ ಕಡೆ ಬರೀ ಪ್ಲಾಸ್ಟಿಕ್ಕಿನ ಸಣ್ಣ ಅಂಚು ಉಳಿಯಿತು. ನೀರು ಒಳಗೆ ಹೋಗಲು ಜಾಗವೇ ಇಲ್ಲ. ಆದರೆ ಜೋಡಿಸಿ ನೋಡಿದರೆ ಅಂಚಿಗೆ ಅಂಚು ತಗಲಿ, ಚಿತ್ರಗಳ ನಡುವೆ ಬಿರುಕು. ಹಾದಿ ತುಂಡು ತುಂಡು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕ ಒಂದು ಬಿಲ್ಲೆಯ ಅಂಚನ್ನು ಇನ್ನೊಂದರ ಮೇಲೆ ಸರಿಸಿದಳು. ಪ್ಲಾಸ್ಟಿಕ್ಕು ಕಾಣಿಸುವುದೇ ಇಲ್ಲವಲ್ಲ, ಕಲ್ಲಿಗೆ ಕಲ್ಲು ಕೂಡಿತು. "ಮೇಲೊಂದು ಕೆಳಗೊಂದು, ಹೊಲಿಗೆ ಅಂದ್ರೆ ಅಷ್ಟೇ" ಎಂದಳು. ಅವತ್ತು ಅವಳ ಸೊಕ್ಕು ನೋಡಬೇಕಿತ್ತು!

ಮುಂದಿನ ಡಯಾಲಿಸಿಸ್ ದಿನ ಬೆಳಗ್ಗೆ ಅವಳು ಕುರ್ಚಿಯಲ್ಲಿ ಕೂತು, ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.

"ಮೊದಲು ಸೂಜಿ" ಎಂದರು ದೊಡ್ಡ ಸಿಸ್ಟರ್.

"ಮೊದಲು ಬಿಲ್ಲೆ."

ಅವಳ ಕಾಲು ಇನ್ನೂ ಬಾತಿತ್ತು, ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಈ ಸಲವೂ ನೀರು ನುಗ್ಗಿದರೆ ಇವಳು ಎದ್ದೇ ಹೋಗುತ್ತಾಳೆ, ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿಸ್ಟರಿಗೂ ಗೊತ್ತಿತ್ತೆಂದು ಕಾಣುತ್ತದೆ. ಒಂದಲ್ಲ, ಐದು ಬಿಲ್ಲೆ ಆರಿಸಿ ಟ್ರೇಗೆ ಹಾಕಿದರು. ಅರ್ಧ ಗಂಟೆ. ಡ್ರೈವರಣ್ಣ ಗಡಿಯಾರ ನೋಡುತ್ತಿದ್ದರು, ಬ್ಯಾಂಕಿನ ಮೇಡಂ ಟ್ರೇ ನೋಡುತ್ತಿದ್ದರು. ಸಿಸ್ಟರ್ ಒಂದೊಂದನ್ನೇ ತೆಗೆದು, ಒರೆಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ಕೆರೆದು ನೋಡಿದರು. ಐದರ ಒಳಗೂ ಕಾಗದ ಒಣಗೇ ಇತ್ತು.

"ಒಂದು ಗಂಟೆ ಆಡಿ. ಆಮೇಲೆ ಎತ್ತಿಡಬೇಕು."

"ನಾಲ್ಕು" ಎಂದಳು ಅಕ್ಕ. "ನೀವು ನನ್ನ ಹತ್ರ ಕೇಳೋದೂ ನಾಲ್ಕೇ ತಾನೇ?"

"ಅಂಚು ಬಿಟ್ಟ ದಿನ ಹೊರಗೆ."

"ಬಿಟ್ಟ ದಿನ ನಾನೇ ಸುಡ್ತೀನಿ."

ಅಕ್ಕ ಕೈ ಚಾಚಿದಳು. ಸೂಜಿ ಚುಚ್ಚುವಾಗ ಯಾವತ್ತಿನಂತೆ ಮುಖ ತಿರುಗಿಸಲಿಲ್ಲ; ಆಗಲೇ ಬಲಗೈಯಿಂದ ಮೊದಲ ಬಿಲ್ಲೆ ಇಡುತ್ತಿದ್ದಳು.

ಹನ್ನೊಂದೂವರೆಗೆ ಯಂತ್ರ ಕೂಗಿತು. ಸೂಜಿ ತೆಗೆಯಲು ಟೆಕ್ನಿಷಿಯನ್ ಬಂದ. ರಣಚಂಡಿ ಒಂದು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದಳು. ಬ್ಯಾಂಕಿನ ಮೇಡಂ ಡಬ್ಬಿಯನ್ನು ಎತ್ತಿ ಹಿಡಿದು, ವಾರ್ಡಿಗೆಲ್ಲ ಕೇಳುವ ಹಾಗೆ, "ಬಾಗಿಲು ಒಡೀತೀನಿ!" ಎಂದು ಕೂಗಿದರು.

"ಅಮ್ಮ, ಟೈಮ್ ಆಯ್ತು, ಬಿಚ್ಚಲಾ?" ಎಂದ ಟೆಕ್ನಿಷಿಯನ್.

"ಕೈ ಮುಟ್ಟಬೇಡ" ಎಂದಳು ನಮ್ಮಕ್ಕ. "ಇನ್ನೂ ಹತ್ತು ನಿಮಿಷ ಓಡ್ಲಿ ಬಿಡು."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಕಿಟಕಿಯ ಕಡೆ ತಿರುಗಿಕೊಂಡೆ. ದೊಡ್ಡ ಸಿಸ್ಟರ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರೇ ಬಂದು ಯಂತ್ರಕ್ಕೆ ಹತ್ತು ನಿಮಿಷ ಸೇರಿಸಿದರು.