ಅಕ್ಕನ ಮೆರೂನ್ ಸ್ವೆಟರ್

ದೆವ್ವ, ಆತ್ಮ ಎಂದು ಯಾರಾದರೂ ಕಥೆ ಶುರು ಮಾಡಿದರೆ ಎದ್ದು ಹೋಗುವವಳು ನಾನು. ಸತ್ತವರಿಗೆ ಬೇರೆ ಕೆಲಸವಿಲ್ಲವೇ ಎಂದು ಎಷ್ಟೋ ಜನರನ್ನು ರೇಗಿಸಿದ್ದೇನೆ. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನೀವು ನಂಬಲೇಬೇಕೆಂದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ನಾನಿರುವುದು ಮಧುಗಿರಿಯಲ್ಲಿ. ಅಕ್ಕನನ್ನು ಪಾವಗಡಕ್ಕೆ ಕೊಟ್ಟಿತ್ತು. ಅವಳಿಗಿದ್ದದ್ದು ಒಂದೇ ಆಸೆ, ಊಟಿಗೆ ಹೋಗಿ ಮಂಜು ನೋಡಬೇಕು. ಅದಕ್ಕೆಂದೇ ತುಮಕೂರಿನ ಫುಟ್‌ಪಾತಿನಲ್ಲಿ ಟಿಬೆಟಿನವರ ಹತ್ತಿರ ಚೌಕಾಸಿ ಮಾಡಿ ಒಂದು ಮೆರೂನ್ ಸ್ವೆಟರ್ ಕೊಂಡಿದ್ದಳು. ಪಾವಗಡದ ಬಿಸಿಲಿಗೆ ಸ್ವೆಟರ್ ಯಾರಿಗೆ ಬೇಕು? ಅವರ ಬೀದಿಗೆಲ್ಲ ಅದೊಂದೇ. ಬೇಸಿಗೆ ರಜೆಯಲ್ಲಿ ಯಾರು ಊಟಿಗೆ ಹೊರಟರೂ ಬಂದು ಅದನ್ನೇ ಕೇಳಿ ಒಯ್ಯುತ್ತಿದ್ದರು. ಬರುವಾಗ ಅವಳಿಗೊಂದು ನೀಲಗಿರಿ ಎಣ್ಣೆ ಬಾಟಲಿ ತರುತ್ತಿದ್ದರು. ಅವಳ ಕಿಟಕಿಯಲ್ಲಿ ಅಂಥ ಬಾಟಲಿಗಳು ಸಾಲಾಗಿ ಕೂತಿದ್ದವು. ಸ್ವೆಟರ್ ವಾಪಸ್ ತೆಗೆದುಕೊಳ್ಳುವಾಗ ಅವಳು ಎಲ್ಲರನ್ನೂ ಕೇಳುತ್ತಿದ್ದುದು ಒಂದೇ ಮಾತು: "ಮಂಜು ಹೆಂಗಿತ್ತು?"

ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟವಳು ನಾನು. ಪ್ರತಿ ವರ್ಷವೂ ಏನೋ ಒಂದು ನೆಪ. ಕೊನೆಯ ಸಲವಂತೂ ಅವಳು ಬಟ್ಟೆಯೆಲ್ಲ ಬ್ಯಾಗಿಗೆ ತುಂಬಿ ಕೂತಿದ್ದಾಗ, ಮನೆಗೆ ಸುಣ್ಣಬಣ್ಣ ಮಾಡಿಸಬೇಕು ಎಂದು ಕೈಕೊಟ್ಟೆ. ಅವಳು ಬೈಯಲಿಲ್ಲ. "ಬುಡು, ಮಂಜೇನು ಎಲ್ಲಿಗಾದ್ರೂ ಓಡೋಯ್ತದಾ? ಮುಂದಿನ್ ವರ್ಸ ಹೋಗಾನ" ಎಂದಳು ಫೋನಿನಲ್ಲಿ. ಮುಂದಿನ ವರ್ಷ ಶಿವರಾತ್ರಿ ಕಳೆದ ವಾರ, ಬಟ್ಟೆ ಒಗೆಯುತ್ತಿದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ.

ನನಗೆ ಅಳು ಬರಲಿಲ್ಲ. ತಿಥಿ ಮುಗಿದ ಮೇಲೆ ಭಾವ ಆ ಸ್ವೆಟರನ್ನು ನನ್ನ ಕೈಗಿಟ್ಟರು. ತಂದು ಟ್ರಂಕಿನಲ್ಲಿಟ್ಟೆ. ಅಡುಗೆ, ಪಾತ್ರೆ, ಟಿವಿ ಎಲ್ಲ ನಡೆಯುತ್ತಿತ್ತು, ಒಳಗೆ ಮಾತ್ರ ಮರಗಟ್ಟಿ ಹೋಗಿತ್ತು. ಅದನ್ನು ನೋಡಲಾರದೆ ನಮ್ಮ ಯಜಮಾನರು ಮೇ ತಿಂಗಳಲ್ಲಿ ಊಟಿಯಲ್ಲಿ ರೂಮು ಬುಕ್ ಮಾಡಿದರು. ಅವಳ ಪಾಲಿನ ಮಂಜನ್ನು ನೀನಾದರೂ ನೋಡು ಎಂದರು. ಬೇಡ ಎಂದು ಜಗಳವಾಡಲೂ ನನ್ನಲ್ಲಿ ಶಕ್ತಿ ಇರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಬಟ್ಟೆ ಜೋಡಿಸುತ್ತಿದ್ದೆ. ಕರೆಂಟ್ ಇರಲಿಲ್ಲ. ಊರಿಗಂಟಿದ ಬೆಟ್ಟದ ಬಂಡೆ ಕಾದು ಅದರ ಝಳ ಮನೆಯೊಳಗೇ ಬರುತ್ತಿತ್ತು. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಟ್ರಂಕಿನಿಂದ ಸ್ವೆಟರ್ ತೆಗೆದರೆ ಅದು ಒದ್ದೆಯಾಗಿತ್ತು. ನೀರು ಚೆಲ್ಲಿದ ಹಾಗಲ್ಲ. ಉಣ್ಣೆಯ ಮೇಲೆಲ್ಲ ಸಣ್ಣ ಸಣ್ಣ ಹನಿ, ತೋಳಿನ ಅಂಚು ಕೊರೆಯುವಷ್ಟು ತಣ್ಣಗೆ. ಅದರ ಕೆಳಗಿದ್ದ ರೇಷ್ಮೆ ಸೀರೆಗೆ ಒಂದು ಹನಿಯೂ ತಾಗಿರಲಿಲ್ಲ. ಟ್ರಂಕಿನ ತಗಡು ಬಿಸಿಯಾಗಿತ್ತು.

ಯಜಮಾನರನ್ನು ಕರೆದೆ. ಮುಟ್ಟಿದವರು ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡರು. "ನೀನೇ ಒಗ್ದು, ಒಣಗೋಕ್ ಮುಂಚೆ ಮಡಚಿಟ್ಟಿರ್ತೀಯ ಕಣೆ" ಎಂದರು. ಎರಡು ತಿಂಗಳು ಒದ್ದೆಯಾಗೇ ಇರುತ್ತದೆಯೇ ಎಂದು ಸಿಡುಕಿದೆ. ತಾರಸಿಯ ಮೇಲೆ ಹರವಿದೆ. ಪಕ್ಕದಲ್ಲಿ ಇಟ್ಟಿದ್ದ ಸಂಡಿಗೆ ಗಲಗಲ ಎನ್ನುವಷ್ಟು ಒಣಗಿತು. ಸ್ವೆಟರ್ ಮಾತ್ರ ಹೊತ್ತು ಇಳಿಯುವವರೆಗೂ ಹಾಗೇ ಇತ್ತು. ಕೊನೆಗೆ ಒದ್ದೆಯದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬ್ಯಾಗಿನಲ್ಲಿಟ್ಟೆ.

ಊಟಿಯಲ್ಲಿ ತೆಗೆದು ನೋಡಿದರೆ ಪೂರ್ತಿ ಒಣಗಿತ್ತು. ಕವರಿನ ಒಳಗೂ ತೇವವಿರಲಿಲ್ಲ. ಮೂರು ದಿನವೂ ಅಲ್ಲಿ ಚುರುಗುಟ್ಟುವ ಬಿಸಿಲು. ಬೆಳಗ್ಗೆ ಬೇಗ ಎದ್ದು ದೊಡ್ಡಬೆಟ್ಟಕ್ಕೂ ಹೋದೆವು, ಮಂಜಿನ ಸುಳಿವಿಲ್ಲ. ಅಲ್ಲಿ ಟೀ ಮಾರುವ ಹೆಂಗಸು ನಾವು ಊಟಿಗೆ ಬಂದ ದಿನ ಕೇಳಿಕೊಂಡು, ಹೋದ ವಾರವೆಲ್ಲ ಎದುರಿಗಿದ್ದವರ ಮುಖ ಕಾಣದಷ್ಟು ಮಂಜಿತ್ತು, ನೀವು ಬರುವ ಹಿಂದಿನ ಸಂಜೆ ಕರಗಿಹೋಯಿತು ಎಂದಳು. ನಾವಿಬ್ಬರೂ ಟೀ ಕುಡಿದು ಇಳಿದು ಬಂದೆವು. ಇವತ್ತಿನವರೆಗೂ ಆ ವಿಷಯ ಮಾತಾಡಿಲ್ಲ.

ಅದಾಗಿ ವರ್ಷಗಳಾಗಿವೆ. ಸ್ವೆಟರ್ ಮತ್ತೆಂದೂ ಒದ್ದೆಯಾಗಲಿಲ್ಲ. ಕಾರಣ ನನಗೆ ಗೊತ್ತಿಲ್ಲ, ನಿಮಗೆ ಹೊಳೆದರೆ ಹೇಳಿ. ಪ್ರತಿ ಬೇಸಿಗೆಯಲ್ಲೂ ಟ್ರಂಕ್ ತೆಗೆದು ಮುಟ್ಟಿ ನೋಡುತ್ತೇನೆ. ನನ್ನನ್ನು ಬಿಟ್ಟು ಒಬ್ಬಳೇ ಹೋಗಿಬಂದಳಲ್ಲ ಎಂದು ಸಿಟ್ಟು ಬರುತ್ತದೆ. ಆಮೇಲೆ, ಮನೆಯಲ್ಲಿ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಮೆಲ್ಲಗೆ ಕೇಳುತ್ತೇನೆ: ಅಕ್ಕಾ, ಮಂಜು ಹೆಂಗಿತ್ತು?