ಹತ್ತರಿಯ ಹಗ್ಗ

ನನ್ನ ಬಾಗಿಲಿಗೆಂದು ತಂದ ಹೆಬ್ಬಲಸಿನ ಹಲಗೆ ನೋಡಿ ಸೀತೂರಿನ ಬಡಗಿ ಮೋನಪ್ಪಾಚಾರ್ರು ಬೈದೇ ಬಿಟ್ಟರು.

“ಇದರ ಎಳೆ ಒಂದು ದಿಕ್ಕಿಗೆ ಹೋಗಲ್ಲ ಮಾರಾಯ್ರೇ. ಮಷೀನಿಗೆ ಕೊಟ್ರೆ ಚಕ್ಕೆ ಚಕ್ಕೆ ಕಿತ್ಕಂಡು ಬತ್ತದೆ. ಇದಕ್ಕೇ ಅಂತ ಒಂದು ಹತ್ತರಿ ಮಾಡ್ಕಬೇಕು.”

ಮರ ಉಜ್ಜುವ ಹತ್ತರಿಯನ್ನು ಅವರು ಎಂದೂ ಅಂಗಡಿಯಿಂದ ತಂದವರಲ್ಲ. ಇಂಥ ಹಟಮಾರಿ ಮರಕ್ಕೆ ಅಲಗನ್ನು ಸಾಧಾರಣಕ್ಕಿಂತ ನೆಟ್ಟಗೆ ಕೂರಿಸಬೇಕು. ಆಗ ಒಬ್ಬರೇ ತಳ್ಳಿದರೆ ಹತ್ತರಿ ಜಗ್ಗುವುದಿಲ್ಲ. ಮೂತಿಗೆ ಹಗ್ಗ ಕಟ್ಟಿ ಎದುರಿನಿಂದ ಇನ್ನೊಬ್ಬರು ಎಳೆಯಬೇಕು. ಮೂವತ್ತು ವರ್ಷ ಹಾಗೆ ಎಳೆದವರು ಅವರ ಹೆಂಡತಿ ತುಂಗಮ್ಮ. ಊರಿನ ಅರ್ಧ ಬಾಗಿಲುಗಳ ಮೇಲೆ ಆಕೆಯ ಬೆವರು ಬಿದ್ದಿದೆ. ಹೊಗಳುವಾಗ ಮಾತ್ರ ನಾವೆಲ್ಲ ಆಚಾರ್ರ ಹೆಸರನ್ನಷ್ಟೇ ಹೇಳಿದೆವು. ಹೋದ ಕಾರ್ತಿಕದಲ್ಲಿ ಆಕೆ ತೀರಿಕೊಂಡರು.

ನಾನು ಮತ್ತೆ ಹೋದ ದಿನ ಹುಣಸೆಮರದ ಹೊಸ ಹತ್ತರಿ ಹೆಚ್ಚುಕಡಿಮೆ ಮುಗಿದಿತ್ತು. ಆಚಾರ್ರು ಅಲಗು ಇಟ್ಟು, ಬೆಣೆ ಹೊಡೆದು, ಒಂದು ಕಣ್ಣು ಮುಚ್ಚಿ ನೋಡಿದರು. ಮೂತಿಯಲ್ಲಿ ತೂತು ಕೊರೆದು, ಹಗ್ಗ ಪೋಣಿಸಿ, ಗಂಟು ಬಿಗಿದರು. ಹತ್ತರಿಯನ್ನು ಹಲಗೆಯ ಮೇಲಿಟ್ಟು, ಎರಡೂ ಕೈ ಊರಿ, ತಲೆ ಎತ್ತದೆ ಅಂದರು:

“ಹ್ಞೂಂ, ಎಳಿಯೇ ಮಾರಾಯ್ತಿ.”

ಹಗ್ಗ ಬಿದ್ದಲ್ಲೇ ಬಿದ್ದಿತ್ತು. ನಾನು ಎದುರಿಗೆ ಹೋಗಿ ತುದಿ ಹಿಡಿದೆ. ಅವರು ನನ್ನ ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡರು.

“ನೀವು ಬ್ಯಾಡ,” ಎಂದರು.

ಆಮೇಲೆ ಗಂಟು ಬಿಚ್ಚಲು ಕೂತರು. ಈಗಷ್ಟೇ ತಾವೇ ಬಿಗಿದ ಗಂಟು, ಎಷ್ಟು ಹೊತ್ತಾದರೂ ಬಿಚ್ಚಲಾಗಲಿಲ್ಲ.